ಗಿಡಮೂಲಿಕೆಯ ಚರಟ ಮೇಕೆಗೆ ಮೇವಾಗಬೇಕಾದರೆ: ಬೆಂಗಳೂರು ಸುತ್ತಿನ ಸಾಕಣೆದಾರರಿಗೆ ಸಮಗ್ರ ಮಾರ್ಗದರ್ಶಿ

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಮಾತನ್ನು ನಂಬಿ ಕೈ ಸುಟ್ಟುಕೊಂಡವರನ್ನು ನಾನು ಬಲ್ಲೆ. ಅವರಲ್ಲಿ ನಾನೂ ಒಬ್ಬ. ಗಾದೆಯಲ್ಲಿ ತಪ್ಪಿಲ್ಲ, ನಾವು ಅದನ್ನು ಅರ್ಥ ಮಾಡಿಕೊಂಡ ರೀತಿಯಲ್ಲಿ ತಪ್ಪಿದೆ. ಬಯಲಿಗೆ ಬಿಟ್ಟ ಮೇಕೆ ಎಲ್ಲ ಸೊಪ್ಪನ್ನೂ ಮುಟ್ಟುತ್ತದೆ ನಿಜ. ಆದರೆ ಜಾಲಿಯಲ್ಲಿ ನಾಲ್ಕು ಬಾಯಿ, ಬೇಲಿ ಬಳ್ಳಿಯಲ್ಲಿ ಎರಡು ಬಾಯಿ, ಕಹಿ ಅನ್ನಿಸಿದರೆ ಮೂಸಿ ಮುಂದಕ್ಕೆ. ಅದನ್ನು ಕಾಪಾಡುವುದು ಆ ಆಯ್ಕೆ. ಕೊಟ್ಟಿಗೆಯಲ್ಲಿ ಕಟ್ಟಿ, ಮೇವಿನ ದೋಣಿಗೆ ಒಂದೇ ಬಗೆಯ ಚರಟ, ಅಂದರೆ ಮೂಲಿಕೆಯ ಸಾರ ತೆಗೆದ ಮೇಲೆ ಉಳಿಯುವ ಹಿಪ್ಪೆ, ಸುರಿದರೆ ಆ ಆಯ್ಕೆಯನ್ನು ನಾವು ಕಿತ್ತುಕೊಂಡ ಹಾಗಾಯಿತು. ಆಮೇಲೆ ಆಯುವ ಕೆಲಸ ನಮ್ಮದೇ. ಈ ಬರಹ ಪೂರ್ತಿ ಆ ಆಯುವ ಕೆಲಸದ ಬಗ್ಗೆ.

ನಾನು ಇರುವುದು ಮಾಗಡಿ ರಸ್ತೆಯಲ್ಲಿ, ತಾವರೆಕೆರೆಯಿಂದ ಆಚೆ. ಮೂವತ್ತು ಚಿಲ್ಲರೆ ಮೇಕೆ, ಹೆಚ್ಚಿನವು ನಂದಿದುರ್ಗ ತಳಿಯವು. ಹತ್ತು ವರ್ಷದ ಹಿಂದೆ ಮೇಯಿಸುತ್ತಿದ್ದ ಜಾಗದಲ್ಲಿ ಈಗ ಲೇಔಟಿನ ಕಲ್ಲು ನೆಟ್ಟಿದ್ದಾರೆ. ಒಂದು ಹೊರೆ ಹಸಿಮೇವಿಗೂ ಕಾಸು ಎಣಿಸಬೇಕು. ಇನ್ನೊಂದು ಕಡೆ ಪೀಣ್ಯ, ಜಿಗಣಿ, ದೊಡ್ಡಬಳ್ಳಾಪುರದ ಕಡೆ ಗಿಡಮೂಲಿಕೆಗಳಿಂದ ಸಾರ ತೆಗೆಯುವ ಘಟಕಗಳಿವೆ, ಕಷಾಯ-ಅರಿಷ್ಟ ಮಾಡುವವರಿದ್ದಾರೆ, ತೈಲ ಬಟ್ಟಿ ಇಳಿಸುವವರಿದ್ದಾರೆ. ಅವರ ಹಿತ್ತಲಲ್ಲಿ ರಾಶಿ ಬೀಳುವ ಚರಟ ಅವರಿಗೆ ತಲೆನೋವು, ಸರಿಯಾಗಿ ಆಯ್ದರೆ ನಮಗೆ ಮೇವು.

ಮೊದಲ ಹೆಜ್ಜೆ: ಚೀಲ ಎತ್ತುವ ಮುಂಚೆ ಮೂರು ಪ್ರಶ್ನೆ

ಯಾವ ಗಿಡ? ಗಿಡದ ಯಾವ ಭಾಗ? ಯಾವುದರಲ್ಲಿ ಸಾರ ತೆಗೆದದ್ದು? ಈ ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ಪುಕ್ಕಟೆ ಕೊಟ್ಟರೂ ತರಬೇಡಿ. ‘ಎಲ್ಲ ಆಯುರ್ವೇದದ್ದೇ ಸಾರ್, ಏನೂ ಆಗಲ್ಲ’ ಎನ್ನುವುದು ಉತ್ತರವಲ್ಲ. ವತ್ಸನಾಭಿಯೂ ಆಯುರ್ವೇದದ್ದೇ, ಕಾಸರಕವೂ ಆಯುರ್ವೇದದ್ದೇ, ಎರಡೂ ಕಡುವಿಷ. ಶುದ್ಧಿ ಮಾಡಿ ಗುಲಗಂಜಿ ತೂಕದಲ್ಲಿ ಮನುಷ್ಯನಿಗೆ ಕೊಡುವ ವಸ್ತುವನ್ನು ಮೇಕೆಗೆ ಮೊರದ ಲೆಕ್ಕದಲ್ಲಿ ಹಾಕಲಾಗುವುದಿಲ್ಲ. ಹತ್ತಿಪ್ಪತ್ತು ಮೂಲಿಕೆ ಕೂಡಿಸಿ ಕುದಿಸಿದ ಕಷಾಯದ ಚರಟವಾದರೆ ಪೂರ್ತಿ ಪಟ್ಟಿ ಕೇಳಿ. ಪಟ್ಟಿ ಕೊಡದಿದ್ದರೆ ಅದು ಗೊಬ್ಬರದ ಗುಂಡಿಗೆ ಸರಿ.

ಗಿಡದ ಭಾಗವನ್ನು ಏಕೆ ಕೇಳಬೇಕು ಅಂದರೆ, ಪೌಷ್ಟಿಕಾಂಶ ನಿಂತಿರುವುದೇ ಅದರ ಮೇಲೆ. ಬೀಜದ ಚರಟ ಎಲ್ಲಕ್ಕಿಂತ ಮೇಲು. ಜೀರಿಗೆ, ಸೋಂಪು, ಓಂ ಕಾಳು, ಮೆಂತ್ಯ ಇವುಗಳಲ್ಲಿ ಎಣ್ಣೆ ಅಥವಾ ಸಾರ ಹೋದ ಮೇಲೂ ಪ್ರೋಟೀನ್ ಸಾಕಷ್ಟು ಉಳಿದಿರುತ್ತದೆ. ಆಮೇಲೆ ಎಲೆ: ನುಗ್ಗೆ, ತುಳಸಿ, ಒಂದೆಲಗ. ಹಣ್ಣಿನ ಹಿಪ್ಪೆಯದು ನಡುವಿನ ಸ್ಥಾನ. ಬೇರಿನ ಚರಟದಲ್ಲಿ ನಾರು ಹೆಚ್ಚು, ಜೊತೆಗೆ ಮಣ್ಣೂ ಬರುತ್ತದೆ. ಮರದ ತೊಗಟೆ ಅಂದರೆ ಅರ್ಜುನ, ಅಶೋಕದ ಚರಟ ಬರೀ ಸೌದೆಪುಡಿ. ಅದು ಹೊಟ್ಟೆ ತುಂಬಿಸುತ್ತದೆಯೇ ಹೊರತು ಮೈ ಹಿಡಿಸುವುದಿಲ್ಲ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ನೀರಲ್ಲಿ ಕುದಿಸಿದ್ದು, ಹಬೆಯಲ್ಲಿ ಬಟ್ಟಿ ಇಳಿಸಿದ್ದು ಇವುಗಳನ್ನು ಪರಿಗಣಿಸಬಹುದು. ಹೆಕ್ಸೇನ್, ಅಸಿಟೋನ್, ಎಥನಾಲ್‌ನಂಥ ದ್ರಾವಕದಲ್ಲಿ ತೆಗೆದದ್ದಾದರೆ, ಆ ಘಟಕ ಚರಟವನ್ನು ಹಬೆಯಲ್ಲಿ ಕಾಯಿಸಿ ದ್ರಾವಕವನ್ನು ಪೂರ್ತಿ ಹೊರಹಾಕಿದೆ ಎಂದು ಲ್ಯಾಬ್ ವರದಿ ತೋರಿಸಬೇಕು. ಮೆಥನಾಲ್ ಎಂದ ಕೂಡಲೇ ನಾನು ತಿರುಗಿ ಬಂದುಬಿಡುತ್ತೇನೆ, ವರದಿ ಇದ್ದರೂ ಸರಿ. ಅದು ಕಣ್ಣು ತೆಗೆಯುವ, ಪ್ರಾಣ ತೆಗೆಯುವ ವಿಷ. ಚೀಲದ ಬಾಯಿ ಬಿಚ್ಚಿದಾಗ ನೇಲ್ ಪಾಲಿಷ್ಷಿನಂತೆ, ಪೆಟ್ರೋಲಿನಂತೆ ವಾಸನೆ ಬಂದರೆ ಅದನ್ನು ಗಾಡಿಗೇ ಹತ್ತಿಸಬೇಡಿ. ಹಾಗೆ ವಾಸನೆ ಬರುವ ಚರಟಕ್ಕೆ ಬೀಡಿ ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ.

ಯಾವುದು ತರಬಹುದು, ಯಾವುದು ಬೇಡವೇ ಬೇಡ

ಹೊಸಬರು ಶುರು ಮಾಡುವುದಾದರೆ ಬಟ್ಟಿ ಇಳಿಸಿದ ನಿಂಬೆಹುಲ್ಲಿನಿಂದ ಶುರು ಮಾಡಿ. ಎಣ್ಣೆ ಬಹುಪಾಲು ಹೋಗಿರುತ್ತದೆ, ಉಳಿದದ್ದು ಒಣಹುಲ್ಲಿನ ಲೆಕ್ಕವೇ. ಅದನ್ನು ಕತ್ತರಿಸಿ ರಾಗಿ ಹುಲ್ಲಿನ ಜೊತೆ ಬೆರೆಸಿದರೆ ಮೇಕೆಗಳು ತಕರಾರು ಮಾಡುವುದಿಲ್ಲ. ತುಳಸಿಯ ಚರಟವೂ ಹಾಗೇ, ದಪ್ಪ ಕಡ್ಡಿ ಆಯ್ದು ತೆಗೆಯಬೇಕು ಅಷ್ಟೆ. ಶತಾವರಿಯನ್ನು ನಮ್ಮ ಹಿರಿಯರು ‘ಹಲವು ಮಕ್ಕಳ ತಾಯಿ ಬೇರು’ ಎಂದೇ ಕರೆದರು. ನೀರಲ್ಲಿ ಬೇಯಿಸಿ ಉಳಿದ ಅದರ ನಾರನ್ನು ನಾನು ಹಾಲು ಕೊಡುವ ಮೇಕೆಗಳಿಗೆ ಸ್ವಲ್ಪ ಸ್ವಲ್ಪ ಹಾಕುತ್ತೇನೆ. ಸಾರ ತೆಗೆದ ಮೇಲೆ ಅದರಿಂದ ಹಾಲು ಹೆಚ್ಚುತ್ತದೆ ಎಂಬ ಆಸೆ ಮಾತ್ರ ಬೇಡ, ಗುಣವೆಲ್ಲ ಅವರ ಡ್ರಮ್ಮಿಗೆ ಹೋಗಿರುತ್ತದೆ. ನಮಗೆ ಉಳಿದಿರುವುದು ಮೇವು.

ನೆಲ್ಲಿಕಾಯಿ ಹಿಪ್ಪೆ, ತ್ರಿಫಲೆಯ ಚರಟ ಇವೆರಡೂ ಬೆಂಗಳೂರಲ್ಲಿ ಸುಲಭವಾಗಿ ಸಿಗುತ್ತವೆ. ಇವುಗಳಲ್ಲಿ ಟ್ಯಾನಿನ್ ಅಂದರೆ ಒಗರು ಜಾಸ್ತಿ. ಒಗರು ತಡೆದುಕೊಳ್ಳುವುದರಲ್ಲಿ ಮೇಕೆ ದನ-ಕುರಿಗಿಂತ ಗಟ್ಟಿ. ಒಟ್ಟು ಮೇವಿನಲ್ಲಿ ಸ್ವಲ್ಪ ಟ್ಯಾನಿನ್ ಇದ್ದರೆ ಅನುಕೂಲವೂ ಇದೆ. ಅದು ಪ್ರೋಟೀನನ್ನು ಮೊದಲ ಹೊಟ್ಟೆಯಲ್ಲಿ ಹಾಳಾಗದಂತೆ ಹಿಡಿದು ಮುಂದಕ್ಕೆ ಕಳಿಸುತ್ತದೆ, ಜಂತಿನ ಕಾಟವನ್ನೂ ಕೊಂಚ ತಗ್ಗಿಸುತ್ತದೆ. ಆದರೆ ಒಣ ಲೆಕ್ಕದಲ್ಲಿ ನೂರಕ್ಕೆ 5 ಭಾಗ ದಾಟಿತೆಂದರೆ ತಿನ್ನುವುದೂ ಕಡಿಮೆ, ಅರಗುವುದೂ ಕಡಿಮೆ. ಅದಕ್ಕೆ ಈ ಜಾತಿಯ ಚರಟವನ್ನು ಎಂದೂ ಒಂಟಿಯಾಗಿ ಹಾಕಬಾರದು. ಮತ್ತೆ ಒಂದು ಮಾತು: ಇದು ಜಂತಿನ ಔಷಧಿಗೆ ಬದಲಿಯಲ್ಲ. ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿದಾಗ ಬಿಳಿಚಿಕೊಂಡಿದ್ದರೆ ವೈದ್ಯರ ಔಷಧಿಯೇ ಬೇಕು.

ಲೋಳೆಸರದ ಸಿಪ್ಪೆ ಮತ್ತು ಸೋನಾಮುಖಿಯ ಚರಟ ಎರಡೂ ಭೇದಿ ಮಾಡಿಸುತ್ತವೆ, ಬೇಡ. ಅಶ್ವಗಂಧಿಯ ಬೇರು ಕಿತ್ತ ಮೇಲೆ ಹೊಲದಲ್ಲಿ ಉಳಿಯುವ ಸೊಪ್ಪು ಕಣ್ಣಿಗೆ ಆಸೆ ಹುಟ್ಟಿಸುತ್ತದೆ, ಎಕರೆಗಟ್ಟಲೆ ಬಿದ್ದಿರುತ್ತದೆ. ಮನುಷ್ಯರ ಔಷಧಿಯಲ್ಲೇ ಬೇರು ಮಾತ್ರ ಬಳಸಿ, ಎಲೆ ಬಳಸಬೇಡಿ ಎಂದು ಆಯುಷ್ ಸಚಿವಾಲಯ 2021ರಲ್ಲಿ ತಯಾರಕರಿಗೆ ಸೂಚಿಸಿತು. ಆ ಎಲೆಯನ್ನು ನಾನು ಮೇಕೆಗೆ ಹಾಕುವುದಿಲ್ಲ. ನೆಲಬೇವಿನ ಚರಟ ವಿಪರೀತ ಕಹಿ, ಮೇಕೆ ತಾನಾಗೇ ಬಿಡುತ್ತದೆ. ಬೆಲ್ಲ ಬೆರೆಸಿ ತಿನ್ನಿಸಲು ಹೋಗಬೇಡಿ. ಅದು ಬೇಡ ಎಂದು ಹೇಳುತ್ತಿರುವಾಗ ನಾವು ಕೇಳಿಸಿಕೊಳ್ಳಬೇಕು.

ಇನ್ನು ಕೊಟ್ಟಿಗೆಯ ಹತ್ತಿರಕ್ಕೂ ಬರಬಾರದವು: ವತ್ಸನಾಭಿ, ಕಾಸರಕ, ಗುಲಗಂಜಿ, ಉಮ್ಮತ್ತಿ, ಕಣಗಿಲೆ, ನಿತ್ಯಪುಷ್ಪ, ಅಗ್ನಿಶಿಖೆ, ಸರ್ಪಗಂಧಿ, ಕರಿಗೇರು, ಹರಳು ಹಿಂಡಿ. ಇವನ್ನು ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಮೇವಿನ ಕೋಣೆಯ ಬಾಗಿಲಿಗೆ ತಗುಲಿಸಿ. ನೀವಿಲ್ಲದ ಹೊತ್ತಲ್ಲಿ ಚೀಲ ಇಳಿಸಿಕೊಳ್ಳುವವರಿಗೂ ಗೊತ್ತಾಗಲಿ.

ಒಣಗಿಸುವುದು: ಇಡೀ ಕೆಲಸದ ಜೀವ ಇಲ್ಲಿದೆ

ಒಂದು ಅಕ್ಟೋಬರಿನಲ್ಲಿ ನಡೆದದ್ದು ಹೇಳುತ್ತೇನೆ. ಒಂದು ಘಟಕದವರು ಬೆಳಿಗ್ಗೆ ತಾನೇ ತೆಗೆದ ಚರಟ ಎಂದು ಹದಿನೈದು ಚೀಲ ಕಳಿಸಿದರು. ಮೂರು ದಿನ ಮಳೆ ಬಿಡಲಿಲ್ಲ. ಚೀಲಗಳನ್ನು ಒಂದರ ಮೇಲೊಂದು ಪೇರಿಸಿ ಟಾರ್ಪಾಲು ಹೊದಿಸಿದೆ. ನಾಲ್ಕನೇ ದಿನ ಬಿಚ್ಚಿ ಒಳಗೆ ಕೈ ಹಾಕಿದರೆ ಮಣಿಕಟ್ಟಿನ ತನಕ ಬಿಸಿ, ಬಾಣಂತಿಯ ಸ್ನಾನದ ನೀರಿನ ಹಾಗೆ. ಮೇಲೆ ಏನೂ ಕಾಣಲಿಲ್ಲ. ಒಂದು ಹಿಡಿ ಮುರಿದು ನೋಡಿದಾಗ ಒಳಗೆ ಜೇಡರ ಬಲೆಯಂಥ ಬಿಳಿ ಎಳೆ, ಅಲ್ಲಲ್ಲಿ ಹಸಿರು ಚುಕ್ಕಿ, ಹಳೇ ಗೋಡೆಯ ಮುಗ್ಗು ವಾಸನೆ. ‘ಬಿಸಿಲಿಗೆ ಹಾಕಿದರೆ ಹೋಗುತ್ತದೆ’ ಅಂದುಕೊಂಡೆ. ಒಣಗಿಸಿ ಹಾಕಿದೆ. ಮೂರು ವಾರದೊಳಗೆ ಒಂದು ಗಬ್ಬದ ಮೇಕೆ ಕಂದು ಹಾಕಿತು, ಇನ್ನೊಂದು ಮೇವು ಬಿಟ್ಟು ಸೊರಗಿ ಸತ್ತಿತು. ಕೊಯ್ದು ನೋಡಿದ ವೈದ್ಯರು ಹಳದಿಗಟ್ಟಿದ ಪಿತ್ತಜನಕಾಂಗ ತೋರಿಸಿದರು. ಬೂಷ್ಟು ಬಿಸಿಲಿಗೆ ಸಾಯುತ್ತದೆ, ಅದು ಬಿಟ್ಟುಹೋದ ಅಫ್ಲಾಟಾಕ್ಸಿನ್ ವಿಷ ಸಾಯುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ. ಆ ದಿನ ಆ ಚೀಲಗಳನ್ನು ಗುಂಡಿಗೆ ಹಾಕಿದ್ದರೆ ನಷ್ಟ ಗಾಡಿ ಬಾಡಿಗೆಯಷ್ಟೇ ಆಗುತ್ತಿತ್ತು.

ಹೊಸ ಚರಟದಲ್ಲಿ ನೂರಕ್ಕೆ 60ರಿಂದ 80 ಭಾಗ ನೀರು. ಅದು ಒಂದೆರಡು ದಿನದಲ್ಲೇ ಕೆಡುತ್ತದೆ. ಆದ್ದರಿಂದ ತಂದ ದಿನವೇ ಹರಡಬೇಕು. 100 ಕೆಜಿಗೆ 12 ಅಡಿ ಉದ್ದ, 12 ಅಡಿ ಅಗಲದ ಟಾರ್ಪಾಲು ಬೇಕು. ದಪ್ಪ ಒಂದು ಅಂಗುಲ ಮೀರಬಾರದು. ಮೊದಲ ದಿನ ಎರಡು ಗಂಟೆಗೊಮ್ಮೆ ಕುಂಟೆಯಿಂದ ಕೆದಕಿ ತಿರುವಿ, ಗಂಟುಗಳನ್ನು ಕೈಯಲ್ಲೇ ಪುಡಿ ಮಾಡಿ. ಗಂಟಿನ ಒಳಗೇ ಬೂಷ್ಟು ಹುಟ್ಟುವುದು. ಸಂಜೆ ಇಬ್ಬನಿ ಬೀಳುವ ಮುಂಚೆ ಮಡಚಿ ಒಳಗಿಡಿ. ಡಿಸೆಂಬರಿನಿಂದ ಏಪ್ರಿಲ್ ತನಕ ಬೆಂಗಳೂರಿನ ಬಿಸಿಲಿಗೆ ಎರಡು ಮೂರು ದಿನ ಸಾಕು. ಸೆಪ್ಟೆಂಬರ್, ಅಕ್ಟೋಬರ್ ನಮ್ಮಲ್ಲಿ ಅತಿ ಹೆಚ್ಚು ಮಳೆ ಸುರಿಯುವ ತಿಂಗಳು. ಆಗ ಹಸಿ ಚರಟ ತರುವುದನ್ನೇ ನಾನು ನಿಲ್ಲಿಸುತ್ತೇನೆ.

ಒಣಗಿದೆಯೇ ಎಂದು ತಿಳಿಯಲು ಅಂದಾಜು ಸಾಲದು. ಒಣಗಿದ ಗಾಜಿನ ಬಾಟಲಿಯಲ್ಲಿ ಕಾಲು ಭಾಗ ಚರಟ, ಮೇಲೆ ಒಂದು ಚಮಚ ಒಣಗಿದ ಪುಡಿ ಉಪ್ಪು ಹಾಕಿ ಮುಚ್ಚಳ ಬಿಗಿದು ಎರಡು ನಿಮಿಷ ಅಲ್ಲಾಡಿಸಿ, ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ಇನ್ನೂ ತೇವವಿದೆ, ಮತ್ತೆ ಬಿಸಿಲಿಗೆ ಹಾಕಿ. ಲೆಕ್ಕ ಬೇಕೆಂದರೆ 100 ಗ್ರಾಂ ತೂಗಿ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಸೀಯದಂತೆ ಬಾಡಿಸಿ, ತೂಕ ಇಳಿಯುವುದು ನಿಲ್ಲುವ ತನಕ ತೂಗುತ್ತಿರಿ. ಎಷ್ಟು ಗ್ರಾಂ ಕಡಿಮೆಯಾಯಿತೋ ಅಷ್ಟೇ ಭಾಗ ನೀರು. ದಾಸ್ತಾನು ಮಾಡುವ ಚರಟದಲ್ಲಿ ಅದು 10ರ ಆಸುಪಾಸಿನಲ್ಲಿರಬೇಕು. ಬಿಸಿಲಿಂದ ತೆಗೆದ ಬಿಸಿಯಲ್ಲೇ ಚೀಲಕ್ಕೆ ತುಂಬಬೇಡಿ, ಆರಿದ ಮೇಲೆ ತುಂಬಿ. ಚೀಲಗಳನ್ನು ನೆಲದ ಮೇಲಿಡದೆ ಮರದ ಅಟ್ಟಣಿಗೆ ಮೇಲೆ, ಗೋಡೆಯಿಂದ ಒಂದು ಅಡಿ ಬಿಟ್ಟು ಇಡಿ.

ಬೇರಿನ ಚರಟಕ್ಕೆ ಇನ್ನೊಂದು ಪರೀಕ್ಷೆ ಇದೆ. ಒಂದು ಹಿಡಿಯನ್ನು ಬಕೆಟ್ ನೀರಿಗೆ ಹಾಕಿ ಕದಡಿ. ತಳದಲ್ಲಿ ಮರಳು ಕೂತರೆ ಆ ಸರಕನ್ನು ಜರಡಿ ಹಿಡಿಯದೆ ಬಳಸಬೇಡಿ.

ಒಣಗಿಸಲು ಜಾಗವೇ ಇಲ್ಲದವರು ರಸಮೇವು, ಅಂದರೆ ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿದ ಮೇವು (ಸೈಲೇಜ್), ಮಾಡಬಹುದು. ಚರಟವನ್ನು ಕತ್ತರಿಸಿದ ಹಸಿ ಮುಸುಕಿನ ಜೋಳದ ಜೊತೆ, ಜೋಳ ಹೆಚ್ಚು ಚರಟ ಕಡಿಮೆ ಇರುವಂತೆ ಬೆರೆಸಿ, 100 ಕೆಜಿಗೆ 2–3 ಕೆಜಿ ಕಾಕಂಬಿ ಚಿಮುಕಿಸಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಗಾಳಿ ಉಳಿಯದಂತೆ ತುಳಿದು ತುಂಬಿ ಬಿಗಿಯಾಗಿ ಮುಚ್ಚಿ. 45 ದಿನದ ನಂತರ ತೆರೆದಾಗ ಹುಳಿ-ಸಿಹಿ ವಾಸನೆ ಬಂದರೆ ಗೆದ್ದಿರಿ, ಕೊಳೆತ ವಾಸನೆ ಬಂದರೆ ಚೆಲ್ಲಿ. ನನಗೆ ಒಣಗಿಸುವುದರ ಮೇಲೇ ನಂಬಿಕೆ ಹೆಚ್ಚು.

ಲ್ಯಾಬ್ ಪರೀಕ್ಷೆ

ಒಂದೇ ಕಡೆಯಿಂದ ತಿಂಗಳಾನುಗಟ್ಟಲೆ ತರುವ ಯೋಚನೆಯಿದ್ದರೆ ಒಂದು ಸಲವಾದರೂ ಮಾಡಿಸಿ. ಈ ವಿಷಯದಲ್ಲಿ ಬೆಂಗಳೂರಿನವರು ಭಾಗ್ಯವಂತರು. ಆಡುಗೋಡಿಯಲ್ಲಿ ಪಶು ಪೋಷಣೆಗೆಂದೇ ಇರುವ ರಾಷ್ಟ್ರೀಯ ಸಂಸ್ಥೆಯಿದೆ, ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಯಾವ ಪರೀಕ್ಷೆ ಎಲ್ಲಿ ಮಾಡುತ್ತಾರೆ, ಮಾದರಿ ಹೇಗೆ ತರಬೇಕು ಎಂದು ಮೊದಲೇ ವಿಚಾರಿಸಿ ಹೋಗಿ. ಕೇಳಬೇಕಾದವು: ಕಚ್ಚಾ ಪ್ರೋಟೀನ್, ನಾರು, ಬೂದಿ, ಟ್ಯಾನಿನ್, ಅಫ್ಲಾಟಾಕ್ಸಿನ್. ಬೇರಿನದಾದರೆ ಸೀಸದಂಥ ಭಾರಲೋಹ, ದ್ರಾವಕದ್ದಾದರೆ ಉಳಿದ ದ್ರಾವಕ. ಮಾದರಿಯನ್ನು ಮೇಲಿನ ಚೀಲದಿಂದ ಮಾತ್ರ ತೆಗೆಯದೆ, ಐದಾರು ಚೀಲದ ನಡುವಿನಿಂದ ತೆಗೆದು ಕಲಸಿ ಕೊಡಿ.

ಎಷ್ಟು ಹಾಕಬೇಕು

ಮೊದಲು ಮೇಕೆಯ ತೂಕ ಗೊತ್ತಿರಬೇಕು. ತಕ್ಕಡಿ ಇಲ್ಲದಿದ್ದರೆ ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಅಂಗುಲದಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪಿರ್ರೆಯ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 25, ಉದ್ದ 26 ಅಂಗುಲವಾದರೆ ಸುಮಾರು 25 ಕೆಜಿ.

ಮೇಕೆಗೆ ದಿನಕ್ಕೆ ತನ್ನ ತೂಕದ ನೂರಕ್ಕೆ 3ರಿಂದ 4 ಭಾಗದಷ್ಟು ಒಣ ಅಂಶ ಬೇಕು. 25 ಕೆಜಿ ಮೇಕೆಗೆ ಅದು 900 ಗ್ರಾಂ ಆಸುಪಾಸು. ನನ್ನ ದೋಣಿಯ ಲೆಕ್ಕ ಹೀಗಿದೆ: ರಾಗಿ ಹುಲ್ಲು ಮತ್ತು ತೊಗರಿ ಅಥವಾ ಹುರುಳಿ ಹೊಟ್ಟು ಕೂಡಿ 400 ಗ್ರಾಂ, ಹಿಪ್ಪುನೇರಳೆ, ಅಗಸೆ, ಸೀಮೆಹುಲ್ಲು ಹೀಗೆ ಸಿಕ್ಕ ಹಸಿಮೇವು 1,200 ಗ್ರಾಂ, ಜೋಳದ ನುಚ್ಚು, ಕಡಲೆಕಾಯಿ ಹಿಂಡಿ, ಬೂಸಾ ಸೇರಿದ ತಿಂಡಿ 200 ಗ್ರಾಂ, ಒಣ ಚರಟ 100 ಗ್ರಾಂ, ಖನಿಜ ಮಿಶ್ರಣ 10 ಗ್ರಾಂ. ಹಸಿಮೇವಿನ ನೀರು ಕಳೆದರೆ ಇದು 900ರ ಹತ್ತಿರ ಬರುತ್ತದೆ, ಅದರಲ್ಲಿ ಚರಟದ ಪಾಲು ನೂರಕ್ಕೆ ಹತ್ತು. ಬೀಜದ ಚರಟವಾದರೆ ತಿಂಡಿಯಲ್ಲಿ ಸ್ವಲ್ಪ ಇಳಿಸಬಹುದು. ನಿಂಬೆಹುಲ್ಲಿನಂಥದ್ದಾದರೆ ರಾಗಿ ಹುಲ್ಲಿನಲ್ಲಿ ಇಳಿಸಿ ಚರಟವನ್ನು ನೂರಕ್ಕೆ ಇಪ್ಪತ್ತರ ತನಕ ಒಯ್ಯಬಹುದು. ಮಿಕ್ಕವನ್ನು ನಾನು ಹದಿನೈದು ದಾಟಿಸಿಲ್ಲ, ದಾಟಿಸುವ ಅಗತ್ಯವೂ ಕಂಡಿಲ್ಲ.

ಗಬ್ಬದ ಮೇಕೆಗೆ ಮತ್ತು ಮೂರು ತಿಂಗಳೊಳಗಿನ ಮರಿಗೆ ಯಾವ ಮೂಲಿಕೆಯ ಚರಟವೂ ಬೇಡ. ಹಲವು ಮೂಲಿಕೆಗಳು ಗರ್ಭಕ್ಕೆ ಆಗದವು. ಹಾಲು ಮಾರುವವರು ಮೆಂತ್ಯ, ಓಂ ಕಾಳಿನ ಚರಟವನ್ನು ಕರೆದಾದ ಮೇಲೆಯೇ ಹಾಕಿ, ಇಲ್ಲವಾದರೆ ವಾಸನೆ ಹಾಲಿಗಿಳಿಯುತ್ತದೆ.

ಹದಿನಾಲ್ಕು ದಿನದ ಅಭ್ಯಾಸ

ಇಡೀ ಹಿಂಡಿಗೆ ಒಟ್ಟಿಗೆ ಶುರು ಮಾಡಬೇಡಿ. ಎರಡು ಮೂರು ಗಟ್ಟಿ ಮೇಕೆಗಳನ್ನು ಬೇರೆ ಕಟ್ಟಿ, ಅವಕ್ಕೆ ಮೊದಲ ನಾಲ್ಕು ದಿನ 25 ಗ್ರಾಂ, ಆಮೇಲೆ ನಾಲ್ಕು ದಿನ 50, ಮತ್ತೆ ನಾಲ್ಕು ದಿನ 75, ಹದಿಮೂರನೇ ದಿನದಿಂದ 100. ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಒಗ್ಗಲು ಅಷ್ಟು ಕಾಲ ಬೇಕೇ ಬೇಕು. ಮೇವು ಥಟ್ಟನೆ ಬದಲಾದಾಗ ಬರುವ ಕರುಳುಬೇನೆ ರಾತ್ರೋರಾತ್ರಿ ಮೇಕೆ ಕೊಲ್ಲುತ್ತದೆ. ಅದಕ್ಕೆ ಲಸಿಕೆಯಿದೆ, ಹಾಕಿಸಿಯೇ ಮುಂದುವರಿಯಿರಿ.

ದಿನಾ ಬೆಳಿಗ್ಗೆ ಮೂರು ಕಡೆ ನೋಡಿ. ಒಂದು, ದೋಣಿ: ಎಷ್ಟು ಬಿಟ್ಟಿದೆ, ಏನನ್ನು ಆಯ್ದು ಬಿಟ್ಟಿದೆ? ಎರಡು, ನೆಲ: ಹಿಕ್ಕೆ ಬಿಡಿಬಿಡಿಯಾಗಿ, ಗುಂಡಗೆ ಹೊಳೆಯುತ್ತಿದ್ದರೆ ಸರಿ. ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದರೆ ಅರ್ಧಕ್ಕಿಳಿಸಿ, ತೆಳುವಾಗಿದ್ದರೆ ನಿಲ್ಲಿಸಿ. ಮೂರು, ಮೆಲುಕು: ಮಲಗಿರುವ ಮೇಕೆಗಳಲ್ಲಿ ಹೆಚ್ಚಿನವು ಮೆಲುಕು ಹಾಕುತ್ತಿರಬೇಕು. ಎಡಹೊಟ್ಟೆ ತಮಟೆಯಂತೆ ಬಿಗಿದಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ನಡೆ ತೂರಾಡಿದರೆ ಚರಟ ನಿಲ್ಲಿಸಿ ಪಶುವೈದ್ಯ ಸಹಾಯವಾಣಿ 1962ಕ್ಕೆ ಕರೆ ಮಾಡಿ. ವೈದ್ಯರು ಹೇಳುವ ತನಕ ಎಣ್ಣೆ, ಕಷಾಯ ಎಂದು ಬಾಯಿಗೆ ಸುರಿಯಬೇಡಿ. ನಿತ್ರಾಣವಾದ ಮೇಕೆಗೆ ಅದು ಶ್ವಾಸಕೋಶಕ್ಕಿಳಿದು ಬೇರೆಯೇ ಆಪತ್ತಾಗುತ್ತದೆ.

ಹಣದ ಲೆಕ್ಕ

ಹಸಿ ಚರಟ ಅಗ್ಗ ಅನ್ನಿಸುವುದು ನಾವು ನೀರನ್ನೂ ತೂಗುವುದರಿಂದ. ನೂರಕ್ಕೆ 70 ಭಾಗ ನೀರಿರುವ 100 ಕೆಜಿ ಚರಟ ಒಣಗಿದ ಮೇಲೆ 33 ಕೆಜಿ. ಅಂದರೆ ಕೆಜಿಗೆ 3 ರೂಪಾಯಿ ಕೊಟ್ಟು ತಂದದ್ದು ಒಣ ಲೆಕ್ಕದಲ್ಲಿ 9 ರೂಪಾಯಿ, ಅದರ ಮೇಲೆ ಗಾಡಿ ಬಾಡಿಗೆ, ಎರಡು ದಿನದ ಆಳಿನ ಕೂಲಿ. ಬೀಜ ಮತ್ತು ಎಲೆಯ ಚರಟಕ್ಕೆ ಈ ಬೆಲೆ ಗಿಟ್ಟಬಹುದು. ನಾರಿನದಕ್ಕೆ ಗಿಟ್ಟುವುದಿಲ್ಲ, ಅದನ್ನು ಪುಕ್ಕಟೆ ಕೊಟ್ಟರೆ ಮಾತ್ರ ತನ್ನಿ. ಜಿಗಣಿಯಿಂದ ಮಾಗಡಿ ಕಡೆಗೆ ಹಸಿ ಸರಕು ಹೊರುವುದು ನೀರಿಗೆ ಡೀಸೆಲ್ ಸುರಿದ ಹಾಗೆ. ಹತ್ತಿರದ ಘಟಕ ಹುಡುಕಿ, ಇಲ್ಲವೇ ಅಲ್ಲೇ ಒಣಗಿಸಲು ಜಾಗ ಕೇಳಿ. ಚರಟ ಖಾಲಿಯಾದರೆ ಸಾಕು ಎನ್ನುವವರು ಅಂಗಳ ಬಿಟ್ಟುಕೊಡುತ್ತಾರೆ.

ಘಟಕದವರ ಜೊತೆ ಬಾಯಿಮಾತಿನ ವ್ಯವಹಾರ ಬೇಡ. ಪ್ರತಿ ಲೋಡಿನ ಜೊತೆ ಒಂದು ಚೀಟಿ ಕೇಳಿ: ಗಿಡದ ಹೆಸರು, ಭಾಗ, ಸಾರ ತೆಗೆದ ವಿಧಾನ, ತೆಗೆದ ದಿನಾಂಕ. ಗಿಡ ಬದಲಾದರೆ ಚೀಲದ ಬಣ್ಣ ಬದಲಾಗಬೇಕು ಎಂದು ನಾನು ಷರತ್ತು ಹಾಕಿಕೊಂಡಿದ್ದೇನೆ. ಬಿಳಿ ಚೀಲ ತುಳಸಿ, ಹಳದಿ ಚೀಲ ಶತಾವರಿ. ಜೊತೆಗೆ ಪ್ರತಿ ಲೋಡಿನಿಂದ ಒಂದು ಪಾವು ಒಣ ಚರಟವನ್ನು ಬಾಟಲಿಗೆ ತುಂಬಿ, ದಿನಾಂಕದ ಚೀಟಿ ಅಂಟಿಸಿ, ಎರಡು ತಿಂಗಳು ಕಪಾಟಿನಲ್ಲಿ ಇಡುತ್ತೇನೆ. ಮೇಕೆ ಕಾಯಿಲೆ ಬಿದ್ದ ದಿನ ವೈದ್ಯರು ಕೇಳುವ ಮೊದಲ ಪ್ರಶ್ನೆ ‘ಏನು ಹಾಕಿದ್ದಿರಿ?’ ಎಂಬುದು. ಆ ಅಕ್ಟೋಬರಿನಲ್ಲಿ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ, ಈಗ ಕಪಾಟಿನಲ್ಲಿ ಹನ್ನೊಂದು ಬಾಟಲಿಗಳಿವೆ.